ಹಿಂಬದಿ ಜಗಲಿಯ ಸ್ಟೆತಸ್ಕೋಪು

"ಏಯ್, ಏಯ್! ಎಲ್ಲಿಗೆ ಸೀದಾ ನುಗ್ಗುವುದು? ಹಿಂದೆ ಹೋಗು, ಹಿಂದೆ!"

ಚೀಟಿ ಕೊಡುವ ಮೇಜಿನ ಆಚೆಯಿಂದ ಸ್ವರ್ಣಲತಾ ಎದ್ದೇ ನಿಂತಿದ್ದಳು. ಬಬಿತಾಳ ಒಂದು ಕಾಲು ಕ್ಲಿನಿಕ್ಕಿನ ಹೊಸ್ತಿಲೊಳಗೆ, ಇನ್ನೊಂದು ಹೊರಗೆ. ಅವಳ ತೋಳಿಗೆ ಅಮ್ಮ ಗುಲಾಬಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದಳು.

"ಅಮ್ಮನಿಗೆ ನಡೀಲಿಕ್ಕೆ ಆಗುವುದಿಲ್ಲ ಅಕ್ಕ. ಹಿಂದೆ ಇಡೀ ಕೆಸರು..."

"ಕೆಸರಂತೆ! ಅದೇನು ಇವತ್ತಿನ ಕೆಸರಾ? ಇಷ್ಟು ವರ್ಷ ನಿನ್ನ ಅಮ್ಮ ಹಾರಿಕೊಂಡು ಬರ್ತಿದ್ದಳಾ? ಇಲ್ಲಿ ಮನುಷ್ಯರು ಕೂತಿದ್ದಾರೆ, ಕಾಣುವುದಿಲ್ವಾ?"

ಕೂತ ಮನುಷ್ಯರು ತಲೆಯೆತ್ತಿ ನೋಡಿದರು. ಡಾಕ್ಟರಿಗೆಂದು ಗುಳ್ಳ ಬದನೆಯ ಚೀಲ ತಂದಿದ್ದ ಮಟ್ಟುವಿನ ಗಂಡಸೊಬ್ಬ ಚೀಲವನ್ನು ಕಾಲ ಬಳಿಗೆ ಎಳೆದುಕೊಂಡ. ಬಾಗಿಲ ಪಕ್ಕದ ಹೆಂಗಸು ಸೆರಗನ್ನು ಮಡಿಲಿಗೆ ಸುತ್ತಿಕೊಂಡು ಮೊಬೈಲಿನೊಳಗೆ ಮುಖ ಹುದುಗಿಸಿದಳು.

ಗುಲಾಬಿಯೇ ಮಗಳ ಕೈ ಜಗ್ಗಿದಳು. "ಬಾ ಮಗಾ, ಹಿಂದೆ ಹೋಗುವ. ಅವರಿಗೆ ಯಾಕೆ ಸುಮ್ಮನೆ ಉಪದ್ರ?"

ಬಬಿತಾ ಒಳಗಿಟ್ಟ ಕಾಲನ್ನು ತೆಗೆದಳು. ಡಿಗ್ರಿ ಮುಗಿಸಿ ಉಡುಪಿಯ ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗಿ ಅವಳು. ಮಾತು ಕಡಿಮೆ. ಯಾರಾದರೂ ಸ್ವರ ಏರಿಸಿದರೆ ಅವಳ ಮಾತು ಗಂಟಲಲ್ಲೇ ಮುದುಡಿ ಕೂರುತ್ತಿತ್ತು. ಆವತ್ತೂ ಹಾಗೆಯೇ ಕೂತಿತು.

ಕಾಪುವಿನ ಆ ಕ್ಲಿನಿಕ್ಕಿನ ಹಿಂದೆ ತಗಡು ಹೊದೆಸಿದ ಒಂದು ಜಗಲಿ. ನೀರಿನ ಟ್ಯಾಂಕು ಸೋರಿ ಸೋರಿ ಅದರ ಸುತ್ತ ಬೇಸಗೆಯಲ್ಲೂ ಕೆಸರು. ಕೂರಲಿಕ್ಕೆ ಸಿಮೆಂಟಿನ ಮೆಟ್ಟಿಲು, ಗೋಡೆಯಲ್ಲೊಂದು ಮೊಳೆ, ಮೊಳೆಗೆ ತೂಗುಹಾಕಿದ ಒಂದು ಸ್ಟೆತಸ್ಕೋಪು. ಕಲ್ಲುಕೋರೆಯ ಆಚೆಗಿನ ಕೊರಗರ ಕಾಲನಿಯವರಿಗೆಂದೇ ಅದನ್ನು ಅಲ್ಲಿಟ್ಟಿದ್ದರು. ಡಾಕ್ಟರ್ ತಾರಾನಾಥರ ಕೊರಳಲ್ಲಿ ಹೊಳೆಯುವ ಇನ್ನೊಂದು, ಒಳಗೆ ಕೂತ ಮನುಷ್ಯರಿಗೆ.

ಕಾಲನಿಯ ಮುದುಕಿಯರಿಗೆ ಇದೊಂದು ಹೆಮ್ಮೆಯ ಸಂಗತಿಯಾಗಿತ್ತು. "ನಮಗೆ ಅಂತಲೇ ಡಾಕ್ಟ್ರು ಬೇರೆ ಒಂದು ಇಟ್ಟಿದ್ದಾರೆ. ಬೇರೆ ಯಾರ ಮೈಗೂ ಅದನ್ನು ತಾಗಿಸುವುದಿಲ್ಲ" ಎಂದು ಗುಲಾಬಿ ಹಿರಿಯಡ್ಕದ ನೆಂಟರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಳು. ಇನ್ನೊಂದು ಹೆಮ್ಮೆ, ಡಾಕ್ಟರು ಕೊರಗರಿಂದ ಫೀಸು ತೆಗೆದುಕೊಳ್ಳುವುದಿಲ್ಲ ಎಂಬುದು. ಒಮ್ಮೆ ಬಬಿತಾ ತನ್ನ ಮೊದಲ ಸಂಬಳದಿಂದ ನೋಟು ತೆಗೆದು ನೀಡಿದ್ದಳು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು, "ಬೇಡ ಬೇಡ, ನಿಮ್ಮ ಹಣ ನಾನು ಮುಟ್ಟುವುದಿಲ್ಲ" ಎಂದಿದ್ದರು. ಊರು ಅದನ್ನು ಧರ್ಮ ಎಂದು ಕರೆಯುತ್ತಿತ್ತು.

ಮೆಟ್ಟಿಲ ಮೇಲೆ ಕೂತ ಗುಲಾಬಿ ಸೆರಗಿನೊಳಗಿಂದ ತನ್ನ ಸಣ್ಣ ಬುಟ್ಟಿಯನ್ನು ಹೊರಗೆ ತೆಗೆದಿಟ್ಟಳು. ಕಾಡುಬಳ್ಳಿ ಸೀಳಿ ತಾನೇ ಹೆಣೆದದ್ದು, ಅಂಗೈಗಿಂತ ತುಸು ದೊಡ್ಡದು. ಮಾತ್ರೆಯನ್ನು ಕೈಗೆ ಕೊಡುವ ಕ್ರಮ ಅಲ್ಲಿರಲಿಲ್ಲ. ಬುಟ್ಟಿ ಒಡ್ಡಿದರೆ ಮೇಲಿನಿಂದ ಹಾಕುತ್ತಿದ್ದರು. ಮದ್ದಿಗೆ ಹೋಗುವುದೆಂದರೆ ಕಾಲನಿಯಲ್ಲಿ ಮೊದಲು ಹುಡುಕುವುದು ಈ ಬುಟ್ಟಿಯನ್ನು.

ಡಾಕ್ಟರು ಗ್ಲೌಸು ಎಳೆದುಕೊಳ್ಳುತ್ತಾ ಬಂದರು. ಒಳ್ಳೆಯ ಮೂಡಿನಲ್ಲಿದ್ದರು.

"ಎಂತ ಗುಲಾಬಿ, ಪುನಃ ಗ್ಯಾಸಾ?"

"ಹೌದು ಡಾಕ್ಟ್ರೇ. ಉಸಿರು ಎಳೀಲಿಕ್ಕೆ ಆಗುವುದಿಲ್ಲ."

ಗುಲಾಬಿ ಎಂದಿನ ಹಾಗೆ ತಲೆ ತಗ್ಗಿಸಿದಳು. ಆ ಮೆಟ್ಟಿಲಲ್ಲಿ ಕೂತವರು ಯಾರೂ ಡಾಕ್ಟರ ಮುಖ ನೋಡುತ್ತಿರಲಿಲ್ಲ. ಬಬಿತಾ ಮಾತ್ರ ಅಮ್ಮನನ್ನು ಹಿಡಿದುಕೊಂಡು ನಿಂತಿದ್ದಳು, ಹಾಗಾಗಿ ಅವಳಿಗೆ ಕಂಡಿತು. ಡಾಕ್ಟರು ಮೊಳೆಯಿಂದ ಸ್ಟೆತಸ್ಕೋಪನ್ನು ತೆಗೆದರು. ಗುಂಡು ತುದಿಯನ್ನು ಅಮ್ಮನ ರವಿಕೆಯ ಮೇಲೆ ಅಲ್ಲಿಷ್ಟು, ಇಲ್ಲಿಷ್ಟು ಇಟ್ಟರು. "ಹ್ಮ್" ಎಂದರು. "ಉಸಿರು ಎಳೆ" ಎಂದರು. ಕಿವಿಗಿಡಬೇಕಾದ ತುದಿಗಳೆರಡೂ ಅವರ ಮುಷ್ಟಿಯಿಂದ ಕೆಳಗೆ, ಗಾಳಿಯಲ್ಲಿ ತೂಗಾಡುತ್ತಿದ್ದವು.

"ಗ್ಯಾಸೇ. ಕಡ್ಲೆ, ಹಲಸು ಎಲ್ಲ ತಿನ್ಬೇಡ."

ಬಬಿತಾ ಅಮ್ಮನ ಭುಜ ಬಿಡದೆ ಮೆಲ್ಲಗೆ ಹೇಳಿದಳು. "ಅಮ್ಮನಿಗೆ ಎದೆಯಲ್ಲಿ ಒಂದು ಗಂಟು ಉಂಟು ಡಾಕ್ಟ್ರೇ. ಎಡಬದಿಗೆ. ಒಮ್ಮೆ ಮುಟ್ಟಿ ನೋಡಿ."

"ಯಾರು, ನಾನಾ?" ಡಾಕ್ಟರು ನಕ್ಕರು. "ಎಂತ ಕಲ್ತದ್ದು ನೀನು? ಬಿಕಾಂ ಅಲ್ವಾ? ಬಿಕಾಂ ಆದವರೆಲ್ಲ ಈಗ ನನಗೆ ಪೇಷಂಟ್ ನೋಡಲಿಕ್ಕೆ ಕಲಿಸುವುದಾ?"

"ಕಲಿಸುವುದಲ್ಲ... ಒಮ್ಮೆ..."

"ಕೊಬ್ಬು ಮಾರಾಯ್ತಿ ನಿಮಗೆ. ನಾಲ್ಕು ಅಕ್ಷರ ಕಲಿತ ಕೂಡಲೆ ಎದುರಿನ ಬಾಗಿಲು ಬೇಕು. ಮುಟ್ಟಿಯೂ ನೋಡಬೇಕು!"

"ಅವಳಿಗೆ ಗೊತ್ತಾಗುವುದಿಲ್ಲ ಡಾಕ್ಟ್ರೇ, ಕೋಪ ಮಾಡ್ಬೇಡಿ" ಎಂದು ಗುಲಾಬಿ ಬುಟ್ಟಿಯನ್ನೆತ್ತಿ ಹಿಡಿದಳು.

ಅಷ್ಟರಲ್ಲಿ ಒಳಗಿನಿಂದ ಜಿತೇಶ್ ಬಂದ. ಊರಿನ ಕ್ಲಬ್ಬಿನ ಕಾರ್ಯದರ್ಶಿ. ಡಾಕ್ಟರ ಸನ್ಮಾನದ ಮಾತಾಡಲು ಬಂದವನು ಈ ನೋಟ ಕಂಡು ಮೊಬೈಲು ತೆಗೆದ. "ಡಾಕ್ಟ್ರೇ, ಹಾಗೇ ನಿಲ್ಲಿ! ಸೂಪರ್ ಉಂಟು. ಏ ಗುಲಾಬಿ, ಬುಟ್ಟಿ ಸ್ವಲ್ಪ ಮೇಲೆ ಹಿಡಿ ಮಾರಾಯ್ತಿ. ನಗು, ನಗು. ಸತ್ತವರ ಹಾಗೆ ಯಾಕೆ ಮುಖ?"

ಗುಲಾಬಿ ನಕ್ಕಳು. ಮಾತ್ರೆಗಳು ಮೇಲಿನಿಂದ ಬುಟ್ಟಿಗೆ ಬಿದ್ದವು.

*

ಮರುವಾರ ಬಬಿತಾ ಅಮ್ಮನನ್ನು ಬಸ್ಸು ಹತ್ತಿಸಿಕೊಂಡು ಮಣಿಪಾಲಕ್ಕೆ ಹೋದಳು. ದೊಡ್ಡಾಸ್ಪತ್ರೆಯ ಪರದೆಯೊಳಗೆ ಅವರನ್ನು ನೋಡಿದ್ದು ಜೆನಿಟಾ ಎಂಬ ಎಳೆಯ ಡಾಕ್ಟರು. ಬಬಿತಾಳದ್ದೇ ವಯಸ್ಸಿರಬೇಕು. "ಮಲಗಿ ಅಮ್ಮ, ನೋಡುವ" ಎಂದು ಬರಿಗೈ ಚಾಚಿದ್ದೇ ತಡ, ಗುಲಾಬಿ ಮಂಚದ ಮೂಲೆಗೆ ಸರಿದು ಮುದ್ದೆಯಾದಳು.

"ಮುಟ್ಬೇಡಿ ಅಮ್ಮಾ, ಮುಟ್ಬೇಡಿ! ನಾವು ಕೊರಗರು. ನೀವು ಪುನಃ ಮೀಯಬೇಕಾಗ್ತದೆ."

ಜೆನಿಟಾಳ ಕೈ ಅರ್ಧದಲ್ಲಿ ನಿಂತಿತು. ಅವಳು ಬಬಿತಾಳ ಕಡೆ ನೋಡಿದಳು. ಬಬಿತಾ ನೆಲ ನೋಡಿದಳು. ಆಮೇಲೆ ಜೆನಿಟಾ ಮಂಚದ ಅಂಚಿಗೆ ಕೂತು, ಗುಲಾಬಿಯ ಒರಟು ಬೆರಳುಗಳನ್ನು ಮೊದಲು ಹಿಡಿದುಕೊಂಡಳು. ಬಳ್ಳಿ ಸೀಳಿ ಸೀಳಿ ಗೆರೆ ಬಿದ್ದ ಬೆರಳುಗಳು. "ನಾನು ಬೆಳಿಗ್ಗೆಯೇ ಮಿಂದಿದ್ದೇನೆ. ಇನ್ನು ನಾಳೆಯೇ ಮೀಯುವುದು" ಎಂದಳು.

ರವಿಕೆಯೊಳಗೆ ಹೋದ ಅವಳ ಕೈ ಒಂದು ಕಡೆ ನಿಂತು, ತುಂಬಾ ಹೊತ್ತು ಅಲ್ಲಿಂದ ಏಳಲೇ ಇಲ್ಲ. ಕಂಕುಳಿಗೆ ಹೋಯಿತು, ಕೊರಳ ಬದಿಗೆ ಹೋಯಿತು.

"ಇದು ಎಷ್ಟು ಸಮಯದಿಂದ ಉಂಟು?"

"ಅದು ಉಂಟಮ್ಮ, ಮೊದಲಿನಿಂದ. ನೋವಿಲ್ಲದ್ದು."

"ಊರಲ್ಲಿ ಡಾಕ್ಟ್ರಿಗೆ ತೋರಿಸಲಿಲ್ವಾ?"

"ತಿಂಗಳು ತಿಂಗಳು ತೋರಿಸ್ತೇವಲ್ಲಾ. ಒಳ್ಳೆ ಡಾಕ್ಟ್ರು. ನಮಗೆ ಅಂತಲೇ ಬೇರೆ ಸ್ಟೆತಸ್ಕೋಪು ಇಟ್ಟಿದ್ದಾರೆ."

ಎಕ್ಸ್‌ರೇ ಬಂದ ಮೇಲೆ ಬಬಿತಾಳನ್ನು ಹೊರಗೆ ಕರೆದು ಜೆನಿಟಾ ಹೇಳಿದ್ದು ಸಣ್ಣ ಮಾತು. ಕ್ಯಾನ್ಸರು, ಶ್ವಾಸಕೋಶಕ್ಕೆ ಹೋಗಿದೆ. ಮೊದಲೇ ಯಾರಾದರೂ ಕೈಯಿಟ್ಟು ನೋಡಿದ್ದರೆ, ಎಂದು ಶುರುಮಾಡಿ ಅವಳು ಮಾತು ಮುಗಿಸಲಿಲ್ಲ.

ಬಸ್ಸಿನಲ್ಲಿ ಬರುವಾಗ ಗುಲಾಬಿ ಕಿಟಕಿಗೆ ತಲೆಯಾನಿಸಿ ಆ ಮೀಯುವ ಮಾತನ್ನೇ ಯೋಚಿಸುತ್ತಿದ್ದಳು. "ಪಾಪದ ಹುಡುಗಿ. ನಮಗಾಗಿ ಸುಳ್ಳು ಹೇಳಿದ್ದು. ಈಗ ಮೀಯುತ್ತಿರಬಹುದು, ಅಲ್ವಾ?"

ಬಬಿತಾಳ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಕಾಪು ಬರುವವರೆಗೂ ಬಿಡಲಿಲ್ಲ.

ಕೊನೆಕೊನೆಗೆ ಗುಲಾಬಿ ಗೋಡೆಗೊರಗಿ ಕೂತೇ ಉಸಿರಾಡಬೇಕಾಯಿತು. ಹಾಗೆ ಕೂತಲ್ಲೇ ಒಂದು ಅಗಲದ ಬುಟ್ಟಿ ಹೆಣೆಯಲು ತೊಡಗಿದಳು. ಕೈ ಸುಮ್ಮನಿದ್ದರೆ ಎದೆ ಜಾಸ್ತಿ ಬಡಿಯುತ್ತದಂತೆ. ದೀಪಾವಳಿಗೆ ಮೊದಲೇ ಹೋಗಿಬಿಟ್ಟಳು. ಬುಟ್ಟಿಯ ಬಾಯಿಯ ಸುತ್ತು ಬಾಕಿಯಿತ್ತು. ಅದನ್ನು ಬಬಿತಾಳೇ ಮುಗಿಸಿದಳು.

*

ಹೆದ್ದಾರಿಯಲ್ಲಿ ಬ್ಯಾನರು ಎದ್ದಿತು. ಉಡುಪಿಯಿಂದ ಬಸ್ಸಿಳಿದ ಬಬಿತಾ ಅದರ ಕೆಳಗೇ ನಿಂತಳು.

ನೀಲಿ ಆಕಾಶ, ಹಿಂದೆ ಕಾಪು ಕಡಲಂಚಿನ ದೀಪಸ್ತಂಭ. ಮುಂದೆ ಡಾಕ್ಟರು ಬಗ್ಗಿ ಮಾತ್ರೆ ಹಾಕುತ್ತಿದ್ದಾರೆ. ಕೆಳಗೆ ಬುಟ್ಟಿ ಎತ್ತಿಹಿಡಿದು ನಗುತ್ತಿರುವ ಅಮ್ಮ. 'ಸರ್ವರೂ ಸಮಾನರೆಂದ ಜನವೈದ್ಯನಿಗೆ ಊರ ಸನ್ಮಾನ.' ಕೆಸರು, ತಗಡು, ಟ್ಯಾಂಕು ಎಲ್ಲವನ್ನೂ ಅಳಿಸಿದ್ದರು. ಗ್ಲೌಸು ಮಾತ್ರ ಉಳಿದಿತ್ತು.

ಮನೆಗೆ ಬಂದರೆ ಅಂಗಳದಲ್ಲಿ ಜಿತೇಶ್ ನಿಂತಿದ್ದ. ಕೂರಿ ಎಂದು ಮಾವ ವಿಠಲ ಚಾಪೆ ಹಾಕಿದ್ದರೂ ಕೂತಿರಲಿಲ್ಲ. ವಿಠಲ ಎಂದರೆ ಗುಲಾಬಿಯ ತಮ್ಮ, ಕಾಲನಿಯ ಡೋಲಿನ ತಂಡದ ಹಿರಿಯ.

"ಮೆರವಣಿಗೆಗೆ ನಿಮ್ಮ ಡೋಲು ಬೇಕು ವಿಠಲ. ಮತ್ತೆ ಸ್ಟೇಜಿನಲ್ಲಿ ನಿಮ್ಮವರದ್ದೇ ಒಂದು ಹುಡುಗಿ ಇದ್ರೆ ಚಂದ. ಹಾರ ನಿಮ್ಮ ಬುಟ್ಟಿಯಲ್ಲೇ ತರಲಿ. ಫೋಟೋದಲ್ಲಿದ್ದವಳ ಮಗಳು ಅಂತ ಅನೌನ್ಸ್ ಮಾಡಿದರೆ ಜನರಿಗೆ ಕಣ್ಣೀರು ಬರ್ತದೆ."

ವಿಠಲ ಕೈ ಹೊಸೆದ. "ಅಕ್ಕ ಹೋಗಿ ಇನ್ನೂ... ಹುಡುಗಿಗೆ ದುಃಖ ಉಂಟು ಸಾಮಿ. ಅವಳು ಮಾತಾಡುವವಳೂ ಅಲ್ಲ."

"ಮಾತಾಡ್ಲಿಕ್ಕೆ ಯಾರು ಹೇಳಿದ್ದು? ಬುಟ್ಟಿ ಹಿಡಿದು ನಿಂತರೆ ಆಯ್ತು. ಹಾರವನ್ನು ಅಧ್ಯಕ್ಷರು ಎತ್ತಿ ಹಾಕ್ತಾರೆ. ನೀನು ಹಾಕ್ಲಿಕ್ಕೆ ಹೋಗ್ಬೇಡ ಆಯ್ತಾ ಹುಡುಗಿ? ಡಾಕ್ಟ್ರಿಗೆ ಅದೆಲ್ಲ... ನಿಂಗೆ ಗೊತ್ತುಂಟಲ್ಲ."

"ಗೊತ್ತುಂಟು" ಎಂದಳು ಬಬಿತಾ. "ಬರ್ತೇನೆ."

ಜಿತೇಶ್ ಹೋದ ಮೇಲೆ ವಿಠಲ ಅವಳ ಮೇಲೆ ಹರಿಹಾಯ್ದ. "ನಾಚಿಕೆ ಇಲ್ವಾ ನಿಂಗೆ? ನಾನು ಹೇಗಾದ್ರೂ ತಪ್ಪಿಸುವ ಅಂತ ನೋಡಿದ್ರೆ, ಬರ್ತೇನೆ ಅಂತೆ! ನಿನ್ನ ಅಮ್ಮನನ್ನು ಕೊಂದವನಿಗೆ ಹಾರ ಹೊರುವುದಾ?"

"ಮತ್ತೆ ನೀವು ಡೋಲು ಬಡೀಲಿಕ್ಕೆ ಒಪ್ಪಿದ್ದು?"

ವಿಠಲನ ಸ್ವರ ಇಳಿಯಿತು. "ನಾಳೆ ಮೊಮ್ಮಗುವಿಗೆ ಜ್ವರ ಬಂದ್ರೆ ಎಲ್ಲಿಗೆ ಹೋಗುವುದು ಮಗಾ? ಹತ್ತಿರ ಇರುವುದು ಅದೊಂದೇ ಜಗಲಿ."

ಮರುದಿನ ಊಟದ ಹೊತ್ತಿಗೆ ಕ್ಲಿನಿಕ್ಕು ಮುಚ್ಚಿದ್ದಾಗ ಬಬಿತಾ ಕೆಸರು ದಾಟಿ ಹಿಂದಿನ ಜಗಲಿಗೆ ಹೋದಳು. ಕಾವಲು ಯಾರೂ ಇರಲಿಲ್ಲ. ಕೊರಗರ ಮೈಗೆ ತಾಗಿದ ವಸ್ತುವನ್ನು ಯಾರು ಕದಿಯುತ್ತಾರೆ? ಮೊಳೆಯಿಂದ ಸ್ಟೆತಸ್ಕೋಪನ್ನು ತೆಗೆದು ಅಲ್ಲೇ ನಿಂತು ಕಿವಿಗಿಟ್ಟುಕೊಂಡಳು. ಗುಂಡು ತುದಿಯನ್ನು ತನ್ನ ಎದೆಗೊತ್ತಿದಳು. ಓಡಿಬಂದಂತೆ ಹೊಡೆದುಕೊಳ್ಳುತ್ತಿದ್ದ ಎದೆ. ಕಿವಿಗೆ ಏನೂ ಕೇಳಲಿಲ್ಲ.

ಅಂಗಳದಲ್ಲಿ ವಿಠಲ ಬೆಂಕಿ ಮಾಡಿ ಡೋಲಿನ ತೊಗಲು ಕಾಯಿಸುತ್ತಿದ್ದ. ಅವಳು ತಂದದ್ದನ್ನು ನೋಡಿ ಮೊದಲು ಬೆಚ್ಚಿಬಿದ್ದ. ಆಮೇಲೆ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಗುಂಡು ತುದಿಯ ಮುಖಕ್ಕೆ ಬಿಗಿದಿರಬೇಕಾದ ತೆಳು ಬಿಲ್ಲೆ ಎಂದೋ ಕಳಚಿ ಹೋಗಿತ್ತು. ಆ ಕುಳಿಯೊಳಗೆ ಕಣಜದ ಹುಳ ಮಣ್ಣು ತಂದು ಗೂಡು ಕಟ್ಟಿತ್ತು. ಗೂಡೂ ಹಳೆಯದು, ಒಣಗಿ ಕಲ್ಲಾದದ್ದು. ಒಂದು ಹುಳ ಹುಟ್ಟಿ ಹಾರಿಹೋದ ತೂತು ಕೂಡ ಅದರಲ್ಲಿತ್ತು.

ವಿಠಲ ಬೆರಳಿನಿಂದ ಅದನ್ನು ತಟ್ಟಿದ. ಡೋಲನ್ನು ತಟ್ಟಿ ನೋಡುವ ಹಾಗೆ. ಟಪ್ ಎಂದು ಸತ್ತ ಸದ್ದು.

"ಇದಕ್ಕೆ ತೊಗಲೇ ಇಲ್ಲ."

"ಇಲ್ಲ ಮಾವ."

"ತೊಗಲು ಹೋದ ಡೋಲು. ಅದರೊಳಗೆ ಮಣ್ಣು." ಅವನ ಮುಖದಲ್ಲಿ ನಗುವಿನಂಥದೇನೋ ಬಂದು ವಕ್ರವಾಯಿತು. "ನನ್ನ ಎದೆಗೂ ಇಟ್ಟಿದ್ದ ಇದನ್ನು. ನನ್ನ ಹೆಂಡತಿಗೂ ಇಟ್ಟಿದ್ದ. ಕೂಸಿಗೂ... ಹ್ಮ್ ಅಂತಿದ್ದ ಮಗಾ! ಹ್ಮ್ ಅಂತ ತಲೆ ಆಡಿಸ್ತಿದ್ದ! ಬೇವರ್ಸಿ! ಬೋಳಿಮಗ!" ಬೆಂಕಿಗೆ ಕ್ಯಾಕರಿಸಿ ಉಗಿದ. ಕೆಂಡ ಚುಂಯ್ ಎಂದಿತು.

ಅದನ್ನು ಅವಳ ಕೈಗೆ ಹಿಂದಿರುಗಿಸುತ್ತಾ ಕೇಳಿದ. "ಎಂತ ಮಾಡುವುದು ಇದನ್ನು?"

"ಹಾರ ಹಾಕುವುದು" ಎಂದಳು ಬಬಿತಾ.

ವಿಠಲ ಅವಳನ್ನು ನೋಡಿದ. ಮೊಮ್ಮಗುವಿನ ಮಾತು, ಜಗಲಿಯ ಮಾತು ಮತ್ತೆ ಎತ್ತಲಿಲ್ಲ. ಡೋಲನ್ನು ಬೆಂಕಿಗೆ ಇನ್ನಷ್ಟು ಹತ್ತಿರ ಸರಿಸಿದ.

*

ದೀಪಸ್ತಂಭದ ರಸ್ತೆಯಿಂದ ಸಭಾಭವನದವರೆಗೆ ತೆರೆದ ಜೀಪಿನಲ್ಲಿ ಡಾಕ್ಟರು, ಮುಂದೆ ಡೋಲು. ಆ ಭವನದಲ್ಲಿ ಮದುವೆ ನಡೆದಾಗಲೆಲ್ಲ ಹಿಂದಿನ ಗೇಟಿನಿಂದ ಹೋಗಿ ಎಂಜಲೆಲೆ ಬಾಚುತ್ತಿದ್ದದ್ದು ಗುಲಾಬಿಯೇ. ಡೋಲಿನವರನ್ನು ಅಂದೂ ಹಿಂದಿನ ಗೇಟಿನಿಂದಲೇ ಒಳಗೆ ಬಿಟ್ಟರು. ಬುಟ್ಟಿ ಹೊತ್ತ ಬಬಿತಾಳನ್ನೂ.

ಅಮ್ಮನ ಕೊನೆಯ ಬುಟ್ಟಿಯದು. ಮೇಲೆ ಶಂಕರಪುರ ಮಲ್ಲಿಗೆಯ ದಪ್ಪ ಹಾರ, ಅದರ ಕೆಳಗೆ ಬಾಳೆಎಲೆ. ಬಾಳೆಎಲೆಯ ಕೆಳಗೆ ಏನಿದೆಯೆಂದು ಯಾರೂ ನೋಡಲಿಲ್ಲ. ನೋಡಬೇಕಾದರೆ ಬುಟ್ಟಿಗೆ ಕೈ ಹಾಕಬೇಕಿತ್ತು.

ಭಾಷಣಗಳಾದವು. "ಕೊರಗ ಬಂಧುಗಳಿಂದ ಈವರೆಗೆ ಬಿಡಿಗಾಸು ಮುಟ್ಟಿದವರಲ್ಲ ನಮ್ಮ ಡಾಕ್ಟ್ರು" ಎಂದು ಕ್ಲಬ್ಬಿನ ಅಧ್ಯಕ್ಷರು ಹೇಳಿದಾಗ ಭವನ ಚಪ್ಪಾಳೆಯಿಂದ ತುಂಬಿತು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟ ಸ್ವರ್ಣಲತಾಳೂ ತಟ್ಟಿದಳು. ನಿರೂಪಕಿ ಗದ್ಗದ ಸ್ವರದಲ್ಲಿ ಬಬಿತಾಳ ಹೆಸರು ಕರೆದಳು. ವೇದಿಕೆಯ ಹಿಂದಿನ ದೊಡ್ಡ ಪರದೆಯಲ್ಲಿ ಮೊದಲು ಬ್ಯಾನರಿನ ಅಮ್ಮ, ಆಮೇಲೆ ಬಬಿತಾಳೇ ಮೂಡಿದಳು.

ಅಧ್ಯಕ್ಷರು ಬೆರಳ ತುದಿಯಿಂದ ಹಾರವನ್ನೆತ್ತಿ ಡಾಕ್ಟರ ಕೊರಳಿಗೆ ಹಾಕಿದರು. ಬಿಳಿ ಅಂಗಿ, ಬಿಳಿ ಶಾಲು, ಬಿಳಿ ಮಲ್ಲಿಗೆ. ಡಾಕ್ಟರು ಕೈಮುಗಿದು ಕಣ್ಣುಮುಚ್ಚಿದರು. ಆ ಒಂದು ಗಳಿಗೆಯಲ್ಲಿ ಬಬಿತಾ ಬುಟ್ಟಿಯನ್ನು ಕೆಳಗಿಟ್ಟು, ಬಾಳೆಎಲೆ ಸರಿಸಿ, ಕಪ್ಪು ರಬ್ಬರಿನ ಆ ವಸ್ತುವನ್ನು ಎರಡೂ ಕೈಯಿಂದ ಎತ್ತಿ ಮಲ್ಲಿಗೆಯ ಮೇಲೆ ಹಾಕಿದಳು.

ಸಭೆಗೆ ಅರ್ಥವಾಗಲಿಲ್ಲ. ಡಾಕ್ಟರಿಗೆ ಸ್ಟೆತಸ್ಕೋಪಿನ ಹಾರ ಎಂದರೆ ಚಂದವೇ ಅಲ್ಲವೇ? ಯಾರೋ ಮತ್ತೆ ಚಪ್ಪಾಳೆ ತಟ್ಟಿದರು. ಡಾಕ್ಟರಿಗೆ ಮಾತ್ರ ಕಣ್ಣು ತೆರೆದ ಕೂಡಲೇ ಅರ್ಥವಾಯಿತು. ಅವರ ಎರಡೂ ಕೈಗಳು ಎದೆಯ ಹತ್ತಿರ ಬಂದು, ಇನ್ನೇನು ತಾಗಬೇಕೆನ್ನುವಲ್ಲಿ ನಿಂತವು.

ಬಬಿತಾ ನಿರೂಪಕಿಯ ಕೈಯಿಂದ ಮೈಕನ್ನು ತೆಗೆದುಕೊಂಡಳು. ತನ್ನ ಸ್ವರ ಅಷ್ಟು ದೊಡ್ಡದಾಗಿ ಗೋಡೆಗಳಿಂದ ಬರುವುದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

"ಇದು ನಮ್ಮದು. ಕ್ಲಿನಿಕ್ಕಿನ ಹಿಂದೆ ಮೊಳೆಯಲ್ಲಿ ಇರುವುದು. ನಮಗೆ ಮಾತ್ರ ಇಟ್ಟದ್ದು. ನನ್ನ ಅಮ್ಮನನ್ನು ನೋಡಿದ್ದು ಇದರಲ್ಲೇ." ಉಸಿರು ಎಳೆದುಕೊಂಡಳು. "ಡಾಕ್ಟ್ರೇ, ಈಗ ಕಿವಿಗೆ ಇಡಿ. ಇವರ ಎದುರು ಒಮ್ಮೆ ಇಡಿ. ಎಂತ ಕೇಳ್ತದೆ ಅಂತ ಹೇಳಿ."

ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದಳು.

ಡಾಕ್ಟರು ನಗಲು ನೋಡಿದರು. "ಮಗು... ಪಾಪ, ದುಃಖದಲ್ಲಿ..." ಎಂದರು. ಕಣ್ಣು ಮಾತ್ರ ಎದೆಯ ಮೇಲಿನ ಕರಿಯ ಕೊಳವೆಯಿಂದ ಏಳಲಿಲ್ಲ. ಕೈಗಳು ಮತ್ತೆ ಹತ್ತಿರ ಬಂದವು, ಮತ್ತೆ ಹಿಂದೆ ಹೋದವು. ಆಮೇಲೆ ಅವರ ಬಾಯಿ, ಎಷ್ಟೋ ವರ್ಷದ ಅಭ್ಯಾಸದಲ್ಲಿ, ಮುಂದಿನ ಸಾಲಿನ ಕಡೆ ತಿರುಗಿ ತಾನಾಗಿಯೇ ಹೇಳಿಬಿಟ್ಟಿತು:

"ಸ್ವರ್ಣಲತಾ, ಗ್ಲೌಸು ತಾ."

ಅದು ಭವನದ ನಾಲ್ಕೂ ಮೂಲೆಗೆ, ಅಡಿಗೆಮನೆಗೆ, ಹೊರಗೆ ಚಪ್ಪಲಿ ಬಿಟ್ಟಲ್ಲಿಗೆ ಕೇಳಿತು.

ಸ್ವರ್ಣಲತಾ ಅರ್ಧ ಎದ್ದವಳು, ಎಲ್ಲರೂ ನೋಡುತ್ತಿರುವುದನ್ನು ಕಂಡು ಹಾಗೆಯೇ ಬಗ್ಗಿ ನಿಂತಳು. ಚಪ್ಪಾಳೆ ತಟ್ಟಿದ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಮೊಬೈಲುಗಳು ಮಾತ್ರ ಎತ್ತಿಯೇ ಇದ್ದವು.

"ಕೇಳಿತಾ?" ಎಂದಳು ಬಬಿತಾ ಸಭೆಗೆ.

"ತೆಗೀರಿ ಅದನ್ನು! ಯಾರಾದ್ರೂ ತೆಗೀರಿ ಮಾರಾಯ್ರೇ!" ಎಂದು ಜಿತೇಶ್ ಕೂಗಿದ. ಕೂಗಿದವನು ಮುಂದೆ ಬರಲಿಲ್ಲ. ಅಧ್ಯಕ್ಷರು ನಿರೂಪಕಿಯನ್ನು ನೋಡಿದರು, ನಿರೂಪಕಿ ಸೆರಗು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಹೋದಳು.

ಆಗ ಭವನದ ಹಿಂದಿನಿಂದ ಡೋಲು ಶುರುವಾಯಿತು. ವಿಠಲ ಯಾರ ಅಪ್ಪಣೆಗೂ ಕಾಯಲಿಲ್ಲ. ಬೆಂಕಿಗೆ ಕಾದು ಬಿಗಿದ ತೊಗಲು. ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ನಿಲ್ಲಿಸಿ ನಿಲ್ಲಿಸಿ ಎಂದು ಕೈ ಬೀಸುತ್ತಾ ಕ್ಲಬ್ಬಿನ ಹುಡುಗರು ಓಡಿದರು. ಡೋಲಿನವರ ಹತ್ತಿರ ಬಂದು, ಮೈಗೆ ತಾಗದಷ್ಟು ದೂರದಲ್ಲಿ ನಿಂತು, ಕೈ ಬೀಸಿದರು.

ಬಬಿತಾ ಮೈಕನ್ನು ಮೇಜಿನ ಮೇಲಿಟ್ಟು ಅಮ್ಮನ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡಳು. ವೇದಿಕೆಯ ಮುಂದಿನ ಮೆಟ್ಟಿಲಿಳಿದು, ಕುರ್ಚಿಗಳ ನಡುವೆ, ಎದುರಿನ ದೊಡ್ಡ ಬಾಗಿಲ ಕಡೆಗೆ ನಡೆದಳು. ದಾರಿ ತಾನಾಗಿ ಬಿಟ್ಟುಕೊಂಡಿತು. ಕಾಲುಗಳು ಕುರ್ಚಿಯಡಿಗೆ ಸರಿದವು, ಸೆರಗುಗಳು ಮಡಿಲಿಗೆ ಸೇರಿದವು. ಅವಳು ಬೇಕೆಂದೇ ನಿಧಾನವಾಗಿ ನಡೆದಳು.

ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು. ದೊಡ್ಡ ಪರದೆಯ ತುಂಬ ಡಾಕ್ಟರು, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ಗದ್ದವನ್ನು ಮೇಲೆತ್ತಿ ನಿಂತಿದ್ದರು. ಡೋಲಿನ ಒಂದೊಂದು ಪೆಟ್ಟಿಗೂ ಎದೆಯ ಮೇಲಿನ ಗುಂಡು ತುದಿ ಅದುರುತ್ತಿತ್ತು. ಅದರೊಳಗಿನ ಗೂಡಿನ ಕೆಂಪು ಮಣ್ಣು ಪುಡಿಪುಡಿಯಾಗಿ ಬಿಳಿ ಶಾಲಿನ ಮೇಲೆ ಉದುರುತ್ತಿತ್ತು. ಅದನ್ನು ತೆಗೆಯಲು ಒಬ್ಬರ ಕೈಯೂ ಮುಂದೆ ಬರಲಿಲ್ಲ.